ಒಂದೇ ಚಾಕು ಸಾಕು, ತಂಗೆವ್ವಾ

ಗೋಕಾಕ

ಚಿರಂಜೀವಿ ತಂಗೆವ್ವಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ. ಬೆಳಗಾವಿಯಲ್ಲಿ ನೀನೂ ಅಕ್ಕನೂ ಆರಾಮ ಇದ್ದೀರೆಂದು ತಿಳಿದಿದ್ದೇನೆ.

ಕಟ್ಟಿಗೆ ಕೆತ್ತನೆ ಕಲಿಯುತ್ತೇನೆ ಅಂದಿದ್ದೀ. ಭಾಳ ಸಂತೋಷ ಆಯಿತವ್ವಾ. ಆಫೀಸಿನಿಂದ ಬಂದು ಮತ್ತೆ ಮೊಬೈಲ್ ಹಿಡಿಯುವ ಬದಲು ಕೈಗೊಂದು ಕೆಲಸ ಬೇಕು ಅನ್ನಿಸಿದ್ದು ಒಳ್ಳೆಯದೇ. ಆದರೆ ಹನ್ನೆರಡು ಉಳಿಗಳ ಸೆಟ್ಟು ತರಿಸಲೇ ಎಂದು ಕೇಳಿದ್ದೀಯಲ್ಲ, ಅದು ಈಗ ಬೇಡ. ಹನ್ನೆರಡು ಉಳಿ ಅಂದರೆ ಹನ್ನೆರಡು ಅಲಗು ಮಸೆಯಬೇಕು. ಅದರಲ್ಲೂ ಡೊಂಕು ಬಾಯಿಯ ಉಳಿ ಮಸೆಯುವುದು ಹೊಸಬರ ಕೈಗೆ ಹತ್ತುವುದಿಲ್ಲ. ಮೊಂಡ ಉಳಿ ಹಿಡಿದವರು ಬಲ ಹಾಕುತ್ತಾರೆ, ಬಲ ಹಾಕಿದಾಗ ಉಳಿ ಜಾರುತ್ತದೆ, ಜಾರಿದ್ದು ಕೈಗೇ ಬರುತ್ತದೆ. ಎಷ್ಟೋ ಜನರ ಹವ್ಯಾಸ ಅಲ್ಲಿಗೇ ನಿಂತುಹೋಗುತ್ತದೆ.

ಸದ್ಯಕ್ಕೆ ಒಂದೇ ಒಂದು ಚಾಕು ತಗೋ. ಅಲಗು ಒಂದೂವರೆ ಇಂಚಿದ್ದರೆ ಸಾಕು, ಬಾಯಿ ನೆಟ್ಟಗಿರಲಿ, ಹಿಡಿಕೆ ಮುಷ್ಟಿ ತುಂಬುವಂತಿರಲಿ. ಸ್ಟೇನ್‌ಲೆಸ್ ಬೇಡ, ಕಾರ್ಬನ್ ಸ್ಟೀಲಿನದು ಬೇಗ ಹರಿತ ಆಗುತ್ತದೆ. ಅದಕ್ಕೆ ತುಕ್ಕು ಹಿಡಿಯುವುದೂ ಬೇಗ. ನಿಮ್ಮ ಬೆಳಗಾವಿಯ ಮಳೆಗಾಲದಲ್ಲಂತೂ ಕೆಲಸ ಮುಗಿದ ಕೂಡಲೇ ಒರೆಸಿ ಒಂದು ಹನಿ ಎಣ್ಣೆ ಸವರಿಡು.

ಮೊದಲ ವಾರ ಕಟ್ಟಿಗೆ ಮುಟ್ಟಲೇಬೇಡ, ಮಸೆಯುವುದನ್ನು ಕಲಿ. ಹಾರ್ಡ್‌ವೇರ್ ಅಂಗಡಿಯಲ್ಲಿ 400, 1000, 2000 ನಂಬರಿನ ವಾಟರ್ ಪೇಪರ್, ಅಂದರೆ ನೀರು ಹಾಕಿ ತಿಕ್ಕುವ ಉಸುಕಿನ ಕಾಗದ, ಸಿಗುತ್ತದೆ. ಒಂದು ಗಾಜಿನ ತುಂಡಿನ ಮೇಲೆ ಅದನ್ನು ಅಂಟಿಸಿ, ನೀರು ಚಿಮುಕಿಸಿ, ಅಲಗಿನ ಇಳಿಜಾರು ಪೂರ್ತಿ ಕಾಗದಕ್ಕೆ ತಾಗುವಂತೆ ಮಲಗಿಸಿ ತಿಕ್ಕು. ಚಾಕುವಿನ ಬೆನ್ನು ಎತ್ತಬೇಡ, ಎತ್ತಿದರೆ ಅಂಚು ದುಂಡಗಾಗುತ್ತದೆ. ಒಂದು ಬದಿ ತಿಕ್ಕುತ್ತಾ ಹೋದಂತೆ ಇನ್ನೊಂದು ಬದಿಯಲ್ಲಿ ಕೂದಲೆಳೆಯಷ್ಟು ತೆಳುವಾದ ತಂತಿ ಏಳುತ್ತದೆ. ಅಲಗಿನ ಬೆನ್ನಿನಿಂದ ಬಾಯಿಯ ಕಡೆಗೆ ಬೆರಳು ಹಗುರಾಗಿ ಸವರಿದರೆ ಅದು ತಾಕುತ್ತದೆ. ಬುಡದಿಂದ ತುದಿಯ ತನಕ ಎಲ್ಲಿಯೂ ತಪ್ಪದೆ ತಾಕಿತೆಂದರೆ ಆ ಬದಿ ಮುಗಿಯಿತು, ಮಗುಚು.

ಕೊನೆಗೆ ಆ ತಂತಿ ಕಳಚಲು ತೊಗಲು ಬೇಕು. ಅದಕ್ಕೆ ನಾವು ದೂರ ಹೋಗಬೇಕಿಲ್ಲ. ಅಥಣಿಯಲ್ಲಿ ಕೊಲ್ಹಾಪುರಿ ಚಪ್ಪಲಿ ಮಾಡುವವರ ಹತ್ತಿರ ಕತ್ತರಿಸಿ ಉಳಿದ ತುಂಡು ಇರುತ್ತವೆ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಗಟ್ಟಿ ತೊಗಲು ಅದು, ಈ ಕೆಲಸಕ್ಕೆ ಹೇಳಿಮಾಡಿಸಿದ್ದು. ಒಂದು ಪಟ್ಟಿಯನ್ನು ಹಲಗೆಗೆ ಅಂಟಿಸಿಕೊಂಡು, ಸ್ಟೀಲ್ ಪಾಲಿಶ್ ಮಾಡುವ ಹಸಿರು ಸಾಬೂನು ಉಜ್ಜಿ, ಚಾಕುವಿನ ಬೆನ್ನು ಮುಂದಾಗಿ ಎಳೆ. ಬಾಯಿ ಮುಂದಾದರೆ ತೊಗಲೇ ಸೀಳುತ್ತದೆ. ಕೆತ್ತಲು ಕೂತಾಗ ಅರ್ಧ ತಾಸಿಗೊಮ್ಮೆ ಹೀಗೆ ಎಳೆಯುತ್ತಿದ್ದರೆ ಮತ್ತೆ ಕಾಗದದ ತನಕ ಹೋಗುವ ಪ್ರಸಂಗ ಅಪರೂಪ. ಹರಿತ ಬಂದಿದೆಯೋ ಇಲ್ಲವೋ ಎಂದು ಬೆರಳಿನ ಮೇಲೆ ನೋಡಬೇಡ. ಮೆತ್ತನೆಯ ಕಟ್ಟಿಗೆಯ ಎಳೆಗೆ ಅಡ್ಡಲಾಗಿ ಕೊಯ್ದು ನೋಡು. ಕೊಯ್ದ ಜಾಗ ಮಿರಿಮಿರಿ ಹೊಳೆದರೆ ಬಂದಿದೆ, ಬಿಳುಚಿ ಪುಡಿಪುಡಿಯಾದರೆ ಇಲ್ಲ.

ಇನ್ನು ಕಟ್ಟಿಗೆ. ನಮ್ಮ ಗೋಕಾಕದಲ್ಲಿ ಗೊಂಬೆ, ಬಣ್ಣದ ಹಣ್ಣು-ಕಾಯಿ ಮಾಡುವವರು ಹಗುರಾದ ಕಟ್ಟಿಗೆಯನ್ನೇ ನೆಚ್ಚಿಕೊಂಡವರು. ನೀನೂ ಹಾಗೇ ಮೆತ್ತನೆಯದರಿಂದ ಶುರು ಮಾಡು. ಶಿವನಿ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಬೇಡ: ಹಗುರ, ಎಳೆ ಸಮ, ಬೇಗ ಸೊಟ್ಟಗಾಗುವುದಿಲ್ಲ. ಸಾಗವಾನಿ ನೋಡಲು ಚಂದ, ಆದರೆ ಅದರೊಳಗಿನ ಮರಳಿನಂಥ ಅಂಶ ಅಲಗನ್ನು ಬೇಗ ಮೊಂಡ ಮಾಡುತ್ತದೆ. ಜಾಲಿ ಒಕ್ಕಲುತನದ ಸಾಮಾನಿಗೆ ಸರಿ, ನಿನ್ನ ಚಾಕುವಿಗಲ್ಲ. ಹಿತ್ತಲಿನ ಕಣಗಿಲೆ ಟೊಂಗೆ ಮೆತ್ತಗಿದೆ ಎಂದು ಚಮಚ ಗಿಮಚ ಮಾಡಲು ಹೋಗಬೇಡ, ಅದು ವಿಷ.

ಮೊದಲ ಕೆಲಸ ಯಾವುದು ಅಂತ ಕೇಳಿದ್ದೀ. ಕುಳಿತ ಬಸವಣ್ಣನನ್ನು ಮಾಡು. ಸಣ್ಣಾಕಿದ್ದಾಗ ಮಣ್ಣೆತ್ತಿನ ಅಮಾವಾಸ್ಯೆಗೆ ಎಷ್ಟು ಚಂದ ಎತ್ತು ಮಾಡುತ್ತಿದ್ದಿ! ಈಗಲೂ ಮೊದಲು ಮಣ್ಣಿನಲ್ಲೇ ಮಾಡಿಕೊಂಡು, ಅದನ್ನು ಎದುರಿಗಿಟ್ಟುಕೊಂಡು ಕೆತ್ತು. ನಿಂತ ಎತ್ತು ಬೇಡ ಅನ್ನುವುದಕ್ಕೆ ಕಾರಣವಿದೆ. ಕಟ್ಟಿಗೆಯ ಎಳೆ ಬೆನ್ನಿನುದ್ದಕ್ಕೆ ಹೋದರೆ ಕಾಲುಗಳಲ್ಲಿ ಅದು ಅಡ್ಡ ಬೀಳುತ್ತದೆ, ಸ್ವಲ್ಪ ಒತ್ತಿದರೂ ಕಾಲು ಮುರಿಯುತ್ತದೆ. ಕುಳಿತ ಬಸವಣ್ಣನಿಗೆ ಆ ಕಾಟವಿಲ್ಲ. ಕೋಡುಗಳನ್ನೂ ಮೇಲಕ್ಕೆತ್ತಬೇಡ, ಹಿಂದಕ್ಕೆ ಬಾಗಿಸಿ ಕುತ್ತಿಗೆಗೆ ಅಂಟಿದಂತೆಯೇ ಇರಿಸು. ತುಂಡಿನ ಬದಿಗೆ ಒಂದು ಚಿತ್ರ, ಮೇಲೆ ಒಂದು ಚಿತ್ರ ಬರೆದುಕೊಂಡು ಹೊರಗಿನದನ್ನು ಗರಗಸದಿಂದ ತೆಗೆ. ಆಮೇಲೆ ಚಾಕು. ಕಣ್ಣು, ಗಂಟೆಸರ ಎಲ್ಲ ಕೊನೆಗೆ. ಡುಬ್ಬ ಎಲ್ಲಿ ಏಳಬೇಕು, ಮುಖ ಎಷ್ಟು ಬಾಗಬೇಕು ಅನ್ನುವುದು ಮೊದಲು ಸರಿಯಾಗಲಿ.

ಕೊಯ್ಯುವಾಗ ಎಳೆ ಕಿತ್ತು ಏಳತೊಡಗಿದರೆ ಅಲ್ಲೇ ನಿಲ್ಲಿಸಿ ತುಂಡನ್ನು ತಿರುಗಿಸಿಕೋ, ಎದುರು ದಿಕ್ಕಿನಿಂದ ಕೊಯ್ಯಿ. ಕುತ್ತಿಗೆ, ಬೆನ್ನು ಕೂಡುವಂಥ ತಗ್ಗಿನಲ್ಲಿ ಎರಡೂ ಕಡೆಯಿಂದ ಕೆಳಕ್ಕಿಳಿದು ನಡುವೆ ಸೇರಬೇಕು. ಕೋಡಿನ ಬುಡದಂಥ ಜಾಗದಲ್ಲಿ ಮೊದಲು ಚಾಕು ನೆಟ್ಟಗೆ ಒತ್ತಿ ಒಂದು ಗೆರೆ ಕೊಯ್ದುಕೊಂಡರೆ, ಬದಿಯಿಂದ ತೆಗೆಯುವ ಚಕ್ಕೆ ಆ ಗೆರೆಗೆ ಬಂದು ನಿಲ್ಲುತ್ತದೆ. ಕಟ್ಟಿಗೆ ಹಿಡಿದ ಕೈಗೆ ಕೈಗವಸು ಹಾಕಿಕೋ, ಚಾಕು ಸುಲಭಕ್ಕೆ ಕೊಯ್ಯಲಾಗದಂಥದು ಸಿಗುತ್ತದೆ. ತೊಡೆಯ ಮೇಲಿಟ್ಟು ಕೊಯ್ಯುವುದಂತೂ ಬೇಡವೇ ಬೇಡ, ತೊಡೆಯೊಳಗಿನ ರಕ್ತನಾಳ ಕೊಯ್ದರೆ ಜೀವಕ್ಕೇ ಅಪಾಯ. ಇದೊಂದನ್ನು ನನಗೆ ಮಾತು ಕೊಡು.

ಮುಗಿದ ಮೇಲೆ ಗಾಣದ ಅಗಸಿ ಎಣ್ಣೆ ತೆಳ್ಳಗೆ ಸವರು. ಅದು ಒಣಗಿ ಗಟ್ಟಿಯಾಗುತ್ತದೆ, ಶೇಂಗಾ ಎಣ್ಣೆ ಜಿಗುಟಾಗಿಯೇ ಉಳಿಯುತ್ತದೆ. ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಎಸೆಯಬೇಡ, ಅಗಸಿ ಎಣ್ಣೆಯ ಅರಿವೆ ತಾನಾಗಿ ಕಾದು ಬೆಂಕಿ ಹತ್ತುವುದುಂಟು. ನೀರಲ್ಲಿ ನೆನೆಸಿ, ಬಿಡಿಸಿ ಹೊರಗೆ ಒಣಹಾಕು.

ಉಳಿಗಳ ಆಸೆ ಬಿಡು ಅನ್ನುತ್ತಿಲ್ಲ. ಬಸವಣ್ಣ ಮುಗಿದ ಮೇಲೆ ನಾನೇ ಎರಡು ಉಳಿ ಕೊಡಿಸುತ್ತೇನೆ. ಅಷ್ಟರೊಳಗೆ ಒಂದು ರವಿವಾರ ಕೋಟೆಯೊಳಗಿನ ಕಮಲ ಬಸದಿಗೆ ಹೋಗಿ ಬಾ. 1204ರಲ್ಲಿ ಕಟ್ಟಿದ್ದು, ರಟ್ಟ ಅರಸರ ಕಾಲದ್ದು. ಮುಖಮಂಟಪದ ನಡುವೆ ನಿಂತು ತಲೆ ಎತ್ತಿ ಆ ಕಲ್ಲಿನ ಕಮಲವನ್ನು ನೋಡು. ಒಂದು ಎಸಳಿನ ಅಂಚು ಇನ್ನೊಂದರ ಮೇಲೆ ನೆರಳು ಬೀಳಿಸುವಂತೆ ಎಷ್ಟು ಆಳ ಇಳಿದಿದ್ದಾರೆ ಅನ್ನುವುದನ್ನು ಗಮನಿಸು. ಕಟ್ಟಿಗೆಯ ಹಲಗೆಯ ಮೇಲೆ ಹೂ ಕೆತ್ತುವಾಗಲೂ ಆ ಆಳವೇ ಬೇಕು. ಹೊಸಬರು ಅಂಜಿ ಮೇಲುಮೇಲೆ ಗೀರಿ ಬಿಡುತ್ತಾರೆ.

ಮಂಗಳವಾರ ನಿನ್ನ ಅಣ್ಣ ಬೆಳಗಾವಿಗೆ ಬರುತ್ತಾನೆ. ಅವನ ಕೈಯಲ್ಲಿ ಶಿವನಿಯ ಎರಡು ತುಂಡು ಕಳಿಸುತ್ತಿದ್ದೇನೆ, ನಾಲ್ಕು ಇಂಚು ಉದ್ದದವು. ಎಳೆ ಹೋಗುವ ದಿಕ್ಕಿಗೆ ಪೆನ್ಸಿಲಿನಿಂದ ಬಾಣ ಹಾಕಿದ್ದೇನೆ. ಬಿಸಿಲಿಗೆ ಇಡಬೇಡ, ಸೀಳುತ್ತವೆ. ಅಕ್ಕನಿಗೆ ನನ್ನ ನಮಸ್ಕಾರ ಹೇಳು.

ಇಂತಿ ನಿನ್ನ ಮಾಮಾ