ಸಕ್ಕರೆ ಕಾಯಿಲೆ ಇರುವ ಸದಸ್ಯರ ಗಮನಕ್ಕೆ: ರೊಟ್ಟಿ ಲೆಕ್ಕ

ಎಲ್ಲರಿಗೂ ನಮಸ್ಕಾರ. ‘ಜೋಳದ ರೊಟ್ಟಿ ಎಷ್ಟು ತಿಂದರೂ ಶುಗರ್ ಏರಲ್ಲ’ ಅನ್ನೋ ಮಾತು ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಬಹಳ ಓಡಾಡುತ್ತದೆ. ದಯವಿಟ್ಟು ನಂಬಬೇಡಿ. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ (ಹೊಟ್ಟೆಗೆ ಹೋಗಿ ಸಕ್ಕರೆಯಾಗುವ ಪಿಷ್ಟ) ಇದೆ. 60 ಗ್ರಾಂ ಹಿಟ್ಟಿನ ಒಂದೇ ರೊಟ್ಟಿಗೆ ಸುಮಾರು 42 ಗ್ರಾಂ ಆಯ್ತು. ನಾದುವ ಮೊದಲು ಒಣ ಹಿಟ್ಟನ್ನು ಒಮ್ಮೆ ತೂಗಿ ನೋಡಿ.

ಕಟಕ್ ರೊಟ್ಟಿಯಲ್ಲೇ (ಒಣಗಿಸಿದ ಗರಿಗರಿ ರೊಟ್ಟಿ) ಹೆಚ್ಚು ಎಡವಟ್ಟು. ಒಣಗಿದಾಗ ಹೋಗುವುದು ನೀರು ಮಾತ್ರ, ಹಿಟ್ಟು ಅಷ್ಟೇ ಉಳಿಯುತ್ತದೆ. ಹಗುರ ಅಂತ ಮುರಿಮುರಿದು ಮೂರು ತಿಂದದ್ದೇ ಗೊತ್ತಾಗಲ್ಲ.

ಊಟಕ್ಕೆ ಕೂತಾಗ ಮೊದಲು ಸೌತೆಕಾಯಿ, ಮೆಂತ್ಯೆ ಸೊಪ್ಪು, ಮಡಕಿಕಾಳು ಪಲ್ಯ ತಿನ್ನಿ, ಆಮೇಲೆ ರೊಟ್ಟಿ. ನಾರು, ಪ್ರೋಟೀನ್ ಮೊದಲು ಹೋದರೆ ಸಕ್ಕರೆ ನಿಧಾನ ಏರುತ್ತದೆ. ರೊಟ್ಟಿ ಆದ ಮೇಲೆ ‘ಎರಡು ತುತ್ತು ಅನ್ನ’ ಬೇಕೇ ಬೇಕಂದರೆ ಅರ್ಧ ರೊಟ್ಟಿ ಬಿಡಿ. ಬೆಲ್ಲವೂ ಸಕ್ಕರೆಯೇ, ಹೆಸರು ಬೇರೆ ಅಷ್ಟೆ.

ಮೊದಲ ತುತ್ತು ತಿಂದು 2 ಗಂಟೆ ಆದ ಮೇಲೆ ಶುಗರ್ ಪರೀಕ್ಷಿಸಿ. ಸಾಮಾನ್ಯವಾಗಿ 180 mg/dL ಒಳಗಿರಬೇಕು. ನಿಮ್ಮ ಗುರಿ ವೈದ್ಯರು ಹೇಳಿದಷ್ಟು.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ (ಶುಗರ್ ಇಳಿಸುವ ಮಾತ್ರೆ) ತೆಗೆದುಕೊಳ್ಳುವವರು ಸೋಮವಾರ, ಏಕಾದಶಿ ಉಪವಾಸಕ್ಕೆ ಮುಂಚೆ ವೈದ್ಯರನ್ನು ಕೇಳಲೇಬೇಕು. ಕೈ ನಡುಗಿ, ಬೆವರಿ, ಶುಗರ್ 70ಕ್ಕಿಂತ ಇಳಿದರೆ 3 ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಯಿರಿ, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಕುಡಿಯಿರಿ. ಆ ಹೊತ್ತಿಗೆ ಕರದಂಟು, ಕುಂದಾದಂಥ ಸಿಹಿತಿಂಡಿ ಬೇಡ: ಅದರ ಕೊಬ್ಬು ಸಕ್ಕರೆಯನ್ನು ತಡವಾಗಿ ರಕ್ತಕ್ಕೆ ಬಿಡುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.