ಗೆಳೆಯನಿಗೊಂದು ಪತ್ರ: ಐದನೆಯ ತಟ್ಟೆಯ ಮಕ್ಕಳು

ಪ್ರಿಯ ಗೆಳೆಯ,

ಹೈಸ್ಕೂಲಿಗೆ ಬಡ್ತಿ ಪಡೆದು ಹೋದ ಮೇಲೆ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕೂತು ತಂತಮ್ಮ ವೇಗದಲ್ಲಿ ಕಲಿಯುವ ನಲಿ-ಕಲಿಯ ಸಂಗತಿಗಳು ನಿನಗೆ ಮರೆತಿರಬಹುದು. ಆ ತರಬೇತಿಯ ಉಪ್ಪಿಟ್ಟು ಮಾತ್ರ ಮರೆತಿರಲಾರದು. ಈ ವರ್ಷ ನನಗೆ ನಲಿ-ಕಲಿಯ ಜೊತೆಗೆ ನಾಲ್ಕನೆಯ ತರಗತಿಯ ಗಣಿತವನ್ನೂ ವಹಿಸಿದ್ದಾರೆ. ಒಂದೇ ಗೋಡೆಯ ಆಚೀಚೆ ಇರುವ ಎರಡು ಕೋಣೆಗಳ ನಡುವೆ ಓಡಾಡುತ್ತ ಕಂಡದ್ದನ್ನು ನಿನಗೆ ಹೇಳಬೇಕಾಗಿದೆ. ನಾಲ್ಕು ಮಂದಿ ಶಿಕ್ಷಕ ಮಿತ್ರರೂ ಓದಿಕೊಳ್ಳಲಿ.

ನಲಿ-ಕಲಿ ಕೋಣೆಯಲ್ಲಿ ಮಗು ಕಲಿಕೆಯ ಹಂತಗಳನ್ನು ಮೆಟ್ಟಿಲುಗಳಾಗಿ ತೋರಿಸುವ ಕಲಿಕಾ ಏಣಿಯ ಪಟದ ಮುಂದೆ ನಿಂತು, ನಿನ್ನೆ ತಾನು ನಿಲ್ಲಿಸಿದ ಮೆಟ್ಟಿಲನ್ನು ಬೆರಳಿಟ್ಟು ಹುಡುಕಿ, ಮುಂದಿನ ಲೋಗೋ ನೋಡಿಕೊಂಡು, ಅದೇ ಚಿತ್ರವಿರುವ ಕಾರ್ಡನ್ನು ತೆಗೆದುಕೊಂಡು ತನ್ನ ತಟ್ಟೆಗೆ, ಅಂದರೆ ಗುಂಪಿಗೆ, ಹೋಗಿ ಕೂರುತ್ತದೆ. ಮೊದಲ ತಟ್ಟೆಗೆ ಶಿಕ್ಷಕರ ಪೂರ್ಣ ಬೆಂಬಲ, ಬಳಿಕ ಭಾಗಶಃ ಬೆಂಬಲ, ಆಮೇಲಿನ ಎರಡು ತಟ್ಟೆಗಳಿಗೆ ಸಹಪಾಠಿಗಳದ್ದು, ಐದನೆಯದು ಸ್ವಕಲಿಕೆ. ಆಂಧ್ರದ ರಿಷಿವ್ಯಾಲಿ ಶಾಲೆಯ ಮಾದರಿಯನ್ನು ನೋಡಿ ಬಂದ ಶಿಕ್ಷಕರು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭಿಸಿದ ಈ ಪದ್ಧತಿಯ ನಿಜವಾದ ಜಾಣತನ ಹಾಡು, ಬಣ್ಣಗಳಲ್ಲಿಲ್ಲ. ಶಿಕ್ಷಕನನ್ನು ಹಂತಹಂತವಾಗಿ ಹಿಂದಕ್ಕೆ ಸರಿಸುವುದರಲ್ಲಿದೆ.

ಮೂರನೆಯ ತರಗತಿ ಮುಗಿಸಿದ ಅದೇ ಮಗು ಜೂನ್‌ನಲ್ಲಿ ಪಕ್ಕದ ಕೋಣೆಗೆ ಬಂದಾಗ ಏಣಿಯೂ ಇರುವುದಿಲ್ಲ, ಕಾರ್ಡೂ ಇರುವುದಿಲ್ಲ. ಎಲ್ಲರ ಮುಂದೆಯೂ ಒಂದೇ ಪುಟ ತೆರೆದಿರುತ್ತದೆ. ಆಗ ಪ್ರಶ್ನೆಗಳು ಶುರುವಾಗುತ್ತವೆ. “ಸಾರ್, ಒಂದು ಗೆರೆ ಬಿಡ್ಲಾ?” “ಪೆನ್ನಲ್ಲಿ ಬರೀಲಾ, ಪೆನ್ಸಿಲಲ್ಲಾ?” “ಪುಟ ಮುಗೀತು ಸಾರ್, ತಿರುಗಿಸ್ಲಾ?”

ಇದಕ್ಕೆ ಮದ್ದೆಂದು ಹತ್ತು ಭಾಗಾಕಾರದ ಲೆಕ್ಕಗಳಲ್ಲಿ ಯಾವ ಐದನ್ನು ಮಾಡಬೇಕೆಂಬುದನ್ನು ಅವರಿಗೇ ಬಿಟ್ಟು, ಉತ್ತರಗಳನ್ನು ಕಿಟಕಿಯ ಪಕ್ಕ ಅಂಟಿಸಿ, ತಾವೇ ತಾಳೆ ನೋಡಿಕೊಳ್ಳಲು ಹೇಳಿದೆ. ಹಲವರು ಸುಲಭದವನ್ನೇ ಆರಿಸಿಕೊಂಡರು, ಅದು ನಿರೀಕ್ಷಿತವೇ. ಒಬ್ಬಳು ಮಾತ್ರ ಎಲ್ಲಕ್ಕಿಂತ ಕಠಿಣವಾದದ್ದನ್ನು ಹಿಡಿದು, ಉತ್ತರ ತಾಳೆಯಾಗದೆ ಕಿಟಕಿಗೂ ತನ್ನ ಜಾಗಕ್ಕೂ ಓಡಾಡಿ, ಕೊನೆಗೆ ಶೇಷವು ಭಾಜಕಕ್ಕಿಂತ ದೊಡ್ಡದಾಗಿ ಉಳಿದಿರುವುದನ್ನು ತಾನೇ ಕಂಡುಕೊಂಡು, ಪಕ್ಕದವನಿಗೂ ತೋರಿಸಿ, ಅಳಿಸಿ ಬರೆದಳು. ಅಷ್ಟರಲ್ಲಿ ಒಮ್ಮೆಯೂ ನನ್ನತ್ತ ನೋಡಲಿಲ್ಲ.

ನಿಜ ಹೇಳಲೇ? ಸಂತೋಷಕ್ಕಿಂತ ಮೊದಲು ನನಗೆ ಬಂದದ್ದು ಒಂದು ಬಗೆಯ ಹೊಟ್ಟೆಕಿಚ್ಚು. ನನ್ನ ಮಕ್ಕಳು ದೊಡ್ಡವರಾಗಿ ಏನನ್ನೂ ಕೇಳದಂತಾದ ಮೇಲೆ, ಮಾತುಮಾತಿಗೂ ಅಪ್ಪಣೆ ಬೇಡುವ ಆ ಕೋಣೆ ನನಗೇ ಬೇಕಾಗಿತ್ತೇನೋ. ಹಳ್ಳಿಯ ಮಕ್ಕಳು ಸ್ವಂತವಾಗಿ ಕಲಿಯಲು ಇನ್ನೂ ಸಿದ್ಧರಿಲ್ಲವೆಂದು ಶಿಕ್ಷಕರ ಸಮಾಲೋಚನಾ ಸಭೆಗಳಲ್ಲಿ ನಾವು ಗಂಭೀರವಾಗಿ ಹೇಳುವ ಮಾತಿನಲ್ಲಿ, ಯಾರಿಗೂ ಬೇಡವಾಗಿಬಿಟ್ಟೇವೆಂಬ ನಮ್ಮ ಭಯದ ಪಾಲೆಷ್ಟು ಎಂಬ ಅನುಮಾನ ಈಗ ಬಿಡುತ್ತಿಲ್ಲ.

ಸಾಕು, ಇದನ್ನೋದಿ ನೀನು ನನಗೆ ಮತ್ತೆ ‘ಸ್ವಾಮೀಜಿ’ ಎಂಬ ಹಳೆಯ ಪಟ್ಟ ಕಟ್ಟುವುದು ಬೇಡ. ಸ್ವಕಲಿಕೆಯ ಬಗ್ಗೆ ಇಷ್ಟುದ್ದ ಬರೆದವನು, ಇದನ್ನು ಎಲ್ಲರೆದುರು ಹಾಕಲೇ ಬೇಡವೇ ಎಂದು ಹೆಂಡತಿಯನ್ನು ಕೇಳಿದೆ. ಅವಳು ತಲೆಯೆತ್ತದೆ “ನಿಮ್ಮಿಷ್ಟ” ಎಂದಳು. ನಮ್ಮ ಮನೆಯಲ್ಲಿ ಆ ಮಾತು ಐದನೆಯ ತಟ್ಟೆಗೆ ಸೇರಿದ್ದಲ್ಲವೆಂಬುದು ನಿನಗೂ ಗೊತ್ತು.

ಇಂತಿ ನಿನ್ನ ಗೆಳೆಯ