ಪ್ರಾಜೆಕ್ಟ್ ಮೌಲ್ಯಮಾಪನದಲ್ಲಿ ಗಿಟ್ ದಾಖಲೆಗೂ ಅಂಕ ಕೊಡಿ

ಮಾನ್ಯ ಸಂಪಾದಕರೇ,

ಮೈಸೂರು, ಮಂಡ್ಯ ಭಾಗದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅಂತಿಮ ವರ್ಷದ ಪ್ರಾಜೆಕ್ಟ್‌ಗಳ ಮೌಲ್ಯಮಾಪನ ನಡೆಯುವಾಗ ಬೈಂಡ್ ಮಾಡಿಸಿದ ವರದಿಯನ್ನು ನೋಡುವಷ್ಟು ಗಮನವಿಟ್ಟು, ಕೋಡ್ ಹೇಗೆ ಬೆಳೆಯಿತು, ಯಾರು ಯಾವ ಭಾಗ ಬರೆದರು ಎಂಬುದನ್ನು ಯಾರೂ ನೋಡುವುದಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮ್‌ನಲ್ಲಿ ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್ ತಂತ್ರಾಂಶದ ಕುರಿತೇ ಒಂದು ಲ್ಯಾಬ್ ಇದೆ. ಆದರೆ ಅಲ್ಲಿ ರೆಕಾರ್ಡ್ ಪುಸ್ತಕಕ್ಕಾಗಿ ಬರೆದ ಕಮಾಂಡ್‌ಗಳು ಪ್ರಾಜೆಕ್ಟ್‌ವರೆಗೆ ಬರುವುದು ಅಪರೂಪ. ಜಿಪ್ ಫೈಲ್ ವಾಟ್ಸ್‌ಆ್ಯಪ್‌ನಲ್ಲೇ ಓಡಾಡುತ್ತದೆ, ಒಬ್ಬರು ತಿದ್ದಿದ್ದರ ಮೇಲೆ ಇನ್ನೊಬ್ಬರ ಹಳೆಯ ಪ್ರತಿ ಬಂದು ಕೂರುತ್ತದೆ.

ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಅಭಿವೃದ್ಧಿಗೆ ಬಿಟ್‌ಕೀಪರ್ ಎಂಬ ಇಂಥದೇ ತಂತ್ರಾಂಶದ ಉಚಿತ ಬಳಕೆ ನಿಂತುಹೋದಾಗ, 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ರೂಪಿಸಿದ ಗಿಟ್ ಇಂದಿಗೂ ಉಚಿತ, ಮುಕ್ತ ತಂತ್ರಾಂಶ. ಲ್ಯಾಬ್‌ನಲ್ಲಿ ಇಂಟರ್ನೆಟ್ ಇಲ್ಲವೆಂಬ ಕಾರಣ ಇಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಇಡೀ ಚರಿತ್ರೆ ವಿದ್ಯಾರ್ಥಿಯ ಕಂಪ್ಯೂಟರ್‌ನಲ್ಲೇ ಇರುತ್ತದೆ. ಗಿಟ್‌ಹಬ್ ಎಂಬುದು ಅದರ ಪ್ರತಿಯನ್ನು ಇಂಟರ್ನೆಟ್‌ನಲ್ಲಿ ಇಡುವ ಬೇರೆಯೇ ಒಂದು ಸೇವೆ.

ಆರಂಭಕ್ಕೆ ಬೇಕಾದದ್ದು ಬಹಳವಿಲ್ಲ. ಕಬ್ಬಿನ ತೂಕದಿಂದ ರೈತರ ಬಿಲ್ ಲೆಕ್ಕ ಹಾಕುವ ಪ್ರೋಗ್ರಾಂ ಇದೆಯೆನ್ನಿ. ಆ ಫೋಲ್ಡರ್‌ನಲ್ಲಿ ‘ಗಿಟ್ ಇನಿಟ್’ ಕೊಟ್ಟು, ಫೈಲನ್ನು ‘ಗಿಟ್ ಆ್ಯಡ್’ನಿಂದ ಸೇರಿಸಿ, ‘ಕ್ವಿಂಟಲ್ ಬದಲು ಟನ್ ಲೆಕ್ಕ ಸರಿಪಡಿಸಿದೆ’ ಎಂಬ ಸಂದೇಶದೊಂದಿಗೆ ಕಮಿಟ್ ಮಾಡಬಹುದು, ಅಂದರೆ ಆ ಬದಲಾವಣೆಯನ್ನು ದಾಖಲೆಗೆ ಸೇರಿಸಬಹುದು. ಸಂದೇಶ ಕನ್ನಡದಲ್ಲೇ ಇರಲಿ, ಅಡ್ಡಿಯಿಲ್ಲ. ತಿಂಗಳ ನಂತರ ಆ ಕಮಿಟ್‌ನ ಗುರುತುಸಂಖ್ಯೆಯೊಂದಿಗೆ ‘ಗಿಟ್ ಶೋ’ ಕೊಟ್ಟರೆ ತೆಗೆದ ಸಾಲು ಮೈನಸ್ ಗುರುತಿನೊಂದಿಗೆ, ಸೇರಿಸಿದ ಸಾಲು ಪ್ಲಸ್ ಗುರುತಿನೊಂದಿಗೆ, ತಿದ್ದಿದವರ ಹೆಸರು, ದಿನಾಂಕ, ವೇಳೆಯ ಸಮೇತ ಕಾಣಿಸುತ್ತದೆ. ಕೋಡ್ ಬರೆದವರು ವೈವಾದಲ್ಲಿ ತಮ್ಮ ಕೆಲಸವನ್ನು ತೋರಿಸಲು ಇದಕ್ಕಿಂತ ನ್ಯಾಯವಾದ ದಾಖಲೆ ಬೇರೆ ಇಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಮೊದಲ ತರಗತಿಯಲ್ಲೇ ಹೇಳಬೇಕು. ಡೇಟಾಬೇಸ್ ಪಾಸ್‌ವರ್ಡ್ ಒಮ್ಮೆ ಕಮಿಟ್ ಆದರೆ, ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಹಳೆಯ ಚರಿತ್ರೆಯಲ್ಲಿ ಉಳಿದಿರುತ್ತದೆ. ಅಂಥ ಫೈಲ್‌ಗಳ ಹೆಸರನ್ನು ಆರಂಭದಲ್ಲೇ, ಗಿಟ್ ದಾಖಲಿಸದೆ ಬಿಡಬೇಕಾದ ಫೈಲ್‌ಗಳ ‘ಗಿಟ್‌ಇಗ್ನೋರ್’ ಪಟ್ಟಿಗೆ ಸೇರಿಸಬೇಕು.

ಆದ್ದರಿಂದ ಪ್ರಾಜೆಕ್ಟ್ ಮಾರ್ಗದರ್ಶಕರು ವಿಷಯ ಒಪ್ಪಿದ ದಿನವೇ ಗಿಟ್ ದಾಖಲೆಯನ್ನು ಕಡ್ಡಾಯಗೊಳಿಸಿ, ಪ್ರತಿ ಪರಿಶೀಲನೆಯಲ್ಲೂ ಅದನ್ನು ತೆರೆದು ನೋಡಿ, ಆಂತರಿಕ ಅಂಕಗಳಲ್ಲಿ ಒಂದು ಪಾಲನ್ನು ಅದಕ್ಕೆ ಮೀಸಲಿಡಬೇಕು. ಕಮಿಟ್‌ಗಳ ಸಂಖ್ಯೆಗೆ ಅಂಕ ಕೊಡಬಾರದು, ಏಕೆಂದರೆ ಸಂಖ್ಯೆಯನ್ನು ಒಂದೇ ರಾತ್ರಿಯಲ್ಲಿ ಹೆಚ್ಚಿಸಬಹುದು. ಪ್ರತಿ ಬದಲಾವಣೆಯ ಕಾರಣವನ್ನು ವಿದ್ಯಾರ್ಥಿ ವಿವರಿಸಬಲ್ಲರೇ ಎಂಬುದನ್ನು ನೋಡಿ ಕೊಡಬೇಕು.

– ಒಬ್ಬ ತಂತ್ರಾಂಶ ಉದ್ಯೋಗಿ, ಸರಸ್ವತಿಪುರಂ, ಮೈಸೂರು